ಬೆಳಗಾವಿಯಲ್ಲಿ ಹೊಸ ನಳ, ಹೊಸ ಒಳಚರಂಡಿ ಜೋಡಣೆ: ಅರ್ಜಿಯಿಂದ ಮೊದಲ ಬಿಲ್ಲಿನವರೆಗೆ

ಮನೆ ಕಟ್ಟುವವರು ಕಂಬಿ, ಸಿಮೆಂಟು, ಟೈಲ್ಸ್ ವಿಷಯದಲ್ಲಿ ಹತ್ತು ಅಂಗಡಿ ತಿರುಗುತ್ತಾರೆ. ನಳದ ಪೈಪು ರಸ್ತೆಯೊಳಗೆ ಎಲ್ಲಿ ಸೇರಿತು, ಸಂಡಾಸಿನ ಪೈಪು ಯಾವ ಮ್ಯಾನ್‌ಹೋಲಿಗೆ ಎಷ್ಟು ಇಳಿಜಾರಿನಲ್ಲಿ ಹೋಯಿತು ಎಂಬುದನ್ನು ಮಾತ್ರ ಪ್ಲಂಬರನ ಕೈಗೆ ಬಿಟ್ಟುಬಿಡುತ್ತಾರೆ. ಗುಂಡಿ ಮುಚ್ಚಿ ಮೇಲೆ ಡಾಂಬರು ಬಿದ್ದ ಮೇಲೆ ಅದನ್ನು ಯಾರೂ ನೋಡಲಾರರು. ಮುಂದೆ ಹತ್ತು ವರ್ಷ ನೀರು ಕಡಿಮೆ ಬರುವುದು, ವಾಸನೆ ಬರುವುದು, ಬಿಲ್ಲು ಹೆಚ್ಚು ಬರುವುದು, ಚೇಂಬರ್ ತುಂಬುವುದು, ಎಲ್ಲದರ ಮೂಲ ಆ ಒಂದು ದಿನದ ಕೆಲಸದಲ್ಲಿರುತ್ತದೆ. ಆದ್ದರಿಂದ ಈ ಇಡೀ ಬರಹದ ಒತ್ತು ಒಂದೇ ಕಡೆಗೆ: ಮಣ್ಣು ಮುಚ್ಚುವ ಮೊದಲು ನೋಡಿ, ಟೇಪು ಹಿಡಿದು ಅಳೆಯಿರಿ, ಪ್ರತಿ ಹಂತಕ್ಕೂ ಒಂದು ಕಾಗದ ಕೈಯಲ್ಲಿಟ್ಟುಕೊಳ್ಳಿ.

ಮೊದಲು ತಿಳಿಯಬೇಕಾದದ್ದು: ನಿಮ್ಮ ನೀರು ಯಾರದು

ಬೆಳಗಾವಿಗೆ ನೀರು ಬರುವುದು ಮುಖ್ಯವಾಗಿ ಎರಡು ಕಡೆಯಿಂದ, ಮಾರ್ಕಂಡೇಯ ನದಿಯ ರಕ್ಕಸಕೊಪ್ಪ ಜಲಾಶಯದಿಂದ ಮತ್ತು ಘಟಪ್ರಭೆಯ ಹಿಡಕಲ್ ಅಣೆಕಟ್ಟೆಯಿಂದ. ಆದರೆ ನಿಮ್ಮ ಗಲ್ಲಿಗೆ ಅದನ್ನು ಹಂಚುವವರು ಯಾರು ಎಂಬುದು ನೀವು ಇರುವ ಜಾಗದ ಮೇಲೆ ನಿಂತಿದೆ. ಕ್ಯಾಂಪ್ ಭಾಗ ಕಂಟೋನ್ಮೆಂಟ್ ಬೋರ್ಡಿನ ಆಡಳಿತಕ್ಕೆ ಸೇರಿದ್ದು. ಹಿಂಡಲಗಾದಂಥ ಊರುಗಳಿಗೆ ಗ್ರಾಮ ಪಂಚಾಯಿತಿ. ಉಳಿದದ್ದು ಮಹಾನಗರ ಪಾಲಿಕೆ. ಪಾಲಿಕೆ ವ್ಯಾಪ್ತಿಯಲ್ಲೂ ದಿನನಿತ್ಯದ ಕೆಲಸವನ್ನು ನೀರು ಸರಬರಾಜು ಮಂಡಳಿಯೋ ಗುತ್ತಿಗೆ ಹಿಡಿದ ಕಂಪನಿಯೋ ನೋಡಿಕೊಳ್ಳುವ ವ್ಯವಸ್ಥೆ ಇರಬಹುದು. 2008ರಲ್ಲಿ ಊರಿನ ಕೆಲವು ವಾರ್ಡುಗಳಿಗೆ ದಿನದ 24 ಗಂಟೆ ನೀರು ಕೊಡುವ ಡೆಮೊ ಝೋನ್ ಶುರುವಾದಾಗಿನಿಂದ ಊರೊಳಗೇ ಎರಡು ಬಗೆಯ ಜಾಲ ಇದೆ ಎಂಬುದು ಇಲ್ಲಿನವರಿಗೆ ಗೊತ್ತಿರುವ ಮಾತು.

ಎಲ್ಲಿ ಅರ್ಜಿ ಕೊಡಬೇಕೆಂದು ತಿಳಿಯಲು ಸುಲಭದ ದಾರಿ, ಪಕ್ಕದ ಮನೆಯವರ ಇತ್ತೀಚಿನ ನೀರಿನ ಬಿಲ್ಲು ನೋಡುವುದು. ಅದರ ತಲೆಯ ಮೇಲಿನ ಕಚೇರಿಯ ಹೆಸರೇ ನಿಮ್ಮ ಕಚೇರಿ. ಬಿಲ್ಲಿನಲ್ಲಿರುವ ಗ್ರಾಹಕ ಸಂಖ್ಯೆಯನ್ನೂ ಬರೆದುಕೊಳ್ಳಿ. ಅದನ್ನು ತೋರಿಸಿದರೆ ನಿಮ್ಮ ಗಲ್ಲಿಯ ಲೈನು ಯಾವುದು, ಎಷ್ಟು ಇಂಚಿನದು ಎಂದು ಇಂಜಿನಿಯರರಿಗೆ ಹುಡುಕುವುದು ಸಲೀಸು.

ಕಾಗದಪತ್ರ

ಬೇಕಾಗುವುದು ಇಷ್ಟು: ಇ-ಖಾತಾ ಅಥವಾ ಆಸ್ತಿಯ ಉತಾರ (ಮಾಲೀಕರ ಹೆಸರಿರುವ ದಾಖಲೆ), ಪ್ರಸ್ತುತ ವರ್ಷದ ಘರಪಟ್ಟಿ (ಮನೆ ತೆರಿಗೆ) ಕಟ್ಟಿದ ರಸೀದಿ, ಆಧಾರ್, ಕಟ್ಟಡ ಪರವಾನಿಗೆ ಮತ್ತು ಮಂಜೂರಾದ ನಕ್ಷೆ, ಫೋಟೊ. ಬಾಡಿಗೆಯವರು ಅರ್ಜಿ ಹಾಕುವುದಾದರೆ ಮಾಲೀಕರ ಒಪ್ಪಿಗೆ ಪತ್ರ ಕಡ್ಡಾಯ.

ಅರ್ಜಿ ಮರಳಿ ಬರಲು ಸಾಮಾನ್ಯ ಕಾರಣ ಹೆಸರು. ಉತಾರದಲ್ಲಿ ತೀರಿಕೊಂಡ ತಂದೆಯ ಹೆಸರಿದ್ದು ಅರ್ಜಿ ಮಗನ ಹೆಸರಿನಲ್ಲಿ ಹೋದರೆ ಕಡತ ಅಲ್ಲೇ ನಿಲ್ಲುತ್ತದೆ. ಮೊದಲು ವಾರಸಾ ಬದಲಾವಣೆ, ಆಮೇಲೆ ನಳ. ಎರಡನ್ನೂ ಒಟ್ಟಿಗೆ ನಡೆಸಲು ಹೋದರೆ ಎರಡೂ ತಡವಾಗುತ್ತವೆ.

ಹಳೆ ಮನೆ ಕೊಂಡವರು ಇನ್ನೊಂದು ಕೆಲಸ ಮಾಡಬೇಕು. ನೋಂದಣಿಗೆ ಮೊದಲೇ ಆ ಮನೆಯ ನೀರಿನ ಖಾತೆಯಲ್ಲಿ ಬಾಕಿ ಎಷ್ಟಿದೆ ಎಂದು ಲಿಖಿತವಾಗಿ ಪಡೆಯಿರಿ. ವರ್ಷಗಟ್ಟಲೆ ಕಟ್ಟದ ಬಾಕಿಗೆ ದಂಡ ಸೇರಿ ದೊಡ್ಡ ಮೊತ್ತವಾಗಿರುತ್ತದೆ, ಹೊಸ ಮಾಲೀಕರ ಹೆಸರಿಗೆ ಜೋಡಣೆ ಬದಲಿಸಲು ಹೋದಾಗ ಅದು ಎದುರಿಗೆ ಬರುತ್ತದೆ.

ಅರ್ಜಿ ಹಾಕಿದ ಕೂಡಲೇ ಸಕಾಲದ (ಗೊತ್ತುಪಡಿಸಿದ ದಿನದೊಳಗೆ ಸರ್ಕಾರಿ ಸೇವೆ ಕೊಡಿಸುವ ವ್ಯವಸ್ಥೆಯ) ಸ್ವೀಕೃತಿ ಕೇಳಿ ಪಡೆಯಿರಿ. ನೀರಿನ ಮತ್ತು ಒಳಚರಂಡಿಯ ಜೋಡಣೆ 2011ರ ಸಕಾಲ ಕಾಯ್ದೆಯಡಿ ಬರುವ ಸೇವೆಗಳು. ಸ್ವೀಕೃತಿಯ ಮೇಲೆ 15 ಅಂಕಿಗಳ ಸಂಖ್ಯೆ ಮತ್ತು ಕೆಲಸ ಮುಗಿಯಬೇಕಾದ ದಿನಾಂಕ ಇರಬೇಕು. ಆ ದಿನ ದಾಟಿದರೆ ಮೇಲ್ಮನವಿ ಹಾಕಬಹುದು, ದಿನಕ್ಕೆ 20 ರೂಪಾಯಿಯಂತೆ ಗರಿಷ್ಠ 500 ರೂಪಾಯಿ ಪರಿಹಾರಕ್ಕೂ ಹಕ್ಕಿದೆ. ಮೊತ್ತ ಚಿಕ್ಕದು, ನಿಜ. ಆದರೆ ಸಂಖ್ಯೆ ಬಿದ್ದ ಅರ್ಜಿ ಯಾವ ಮೇಜಿನ ಮೇಲೆ ಎಷ್ಟು ದಿನ ಇತ್ತು ಎಂಬುದು ದಾಖಲಾಗುತ್ತದೆ. ಬರೀ ಕೈಯಲ್ಲಿ ಕೊಟ್ಟುಬಂದ ಅರ್ಜಿಗೆ ಈ ಆಸರೆ ಇಲ್ಲ.

ಸ್ಥಳ ಪರಿಶೀಲನೆಯ ದಿನ

ಇಂಜಿನಿಯರ್ ಬಂದಾಗ ನೀವು ಸ್ಥಳದಲ್ಲಿರಿ. ನಾಲ್ಕು ವಿಷಯ ಆ ದಿನ ತೀರ್ಮಾನವಾಗುತ್ತವೆ: ಯಾವ ಲೈನಿನಿಂದ ನಳ, ಎಷ್ಟು ಅಳತೆಯ ಪೈಪು, ಮೀಟರ್ ಎಲ್ಲಿ, ರಸ್ತೆ ಎಷ್ಟು ಮೀಟರ್ ಅಗೆಯಬೇಕು.

ಒಂದು ಕುಟುಂಬಕ್ಕೆ 15 ಮಿ.ಮೀ., ಅಂದರೆ ಅರ್ಧ ಇಂಚಿನ ಜೋಡಣೆ ಸಾಕು. ಲೆಕ್ಕ ಹೀಗೆ: ಒಳಚರಂಡಿ ಇರುವ ನಗರಗಳಿಗೆ ತಲೆಗೆ ದಿನಕ್ಕೆ 135 ಲೀಟರ್ ಎಂಬುದು ದೇಶದಲ್ಲಿ ಪಾಲಿಸುವ ಮಾನದಂಡ. ಐದು ಜನಕ್ಕೆ 675 ಲೀಟರ್, ತಿಂಗಳಿಗೆ ಸುಮಾರು 20,000 ಲೀಟರ್. ಮೂರು ನಾಲ್ಕು ಬಿಡಾರಗಳ ಕಟ್ಟಡಕ್ಕೆ 20 ಅಥವಾ 25 ಮಿ.ಮೀ. ಕೇಳಬೇಕು. ದೊಡ್ಡ ಪೈಪು ಹಾಕಿದರೆ ನೀರು ಜೋರಾಗಿ ಬರುತ್ತದೆ ಎಂದು ಒಂದೇ ಮನೆಗೆ ಒಂದು ಇಂಚು ಕೇಳುವುದರಿಂದ ಶುಲ್ಕ ಹೆಚ್ಚುತ್ತದೆಯೇ ವಿನಾ ಒತ್ತಡ ಹೆಚ್ಚುವುದಿಲ್ಲ. ಒತ್ತಡ ಬರುವುದು ಟಾಕಿಯ ಎತ್ತರದಿಂದ ಮತ್ತು ಮುಖ್ಯ ಲೈನಿನಿಂದ.

ರಸ್ತೆ ಅಗೆತದ ಶುಲ್ಕ ರಸ್ತೆಯ ಬಗೆಯ ಮೇಲೆ ಹೋಗುತ್ತದೆ. ಮಣ್ಣು, ಡಾಂಬರು, ಕಾಂಕ್ರೀಟಿಗೆ ಬೇರೆ ಬೇರೆ ದರ. ಟೇಪು ಹಿಡಿದು ನೀವೂ ಅಳೆದು, ಚಲನ್‌ನಲ್ಲಿರುವ ಮೀಟರಿಗೆ ಹೋಲಿಸಿ. ಗಲ್ಲಿಗೆ ಹೊಸ ಕಾಂಕ್ರೀಟ್ ಬರಲಿದೆ ಎಂದು ಗೊತ್ತಾದರೆ ಅದಕ್ಕೆ ಮೊದಲೇ ಜೋಡಣೆ ಮುಗಿಸಿ. ಖಾಲಿ ನಿವೇಶನದವರೂ ರಸ್ತೆಯಡಿಯ ಒಂದು ಖಾಲಿ ಪಿ.ವಿ.ಸಿ. ಕೊಳವೆಯನ್ನು ಕಚೇರಿಯ ಅನುಮತಿಯಿಂದ ಹಾಕಿಸಿಟ್ಟರೆ ಮುಂದೆ ರಸ್ತೆ ಒಡೆಯುವುದು ತಪ್ಪುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿನ ಮಳೆಯಲ್ಲಿ ಅಗೆತ ಇಟ್ಟುಕೊಳ್ಳಬೇಡಿ. ನೀರು ನಿಂತ ಗುಂಡಿಯಲ್ಲಿ ಕೂಡಿಸಿದ ಜಾಯಿಂಟಿಗೆ ಕೆಸರು ಸೇರುತ್ತದೆ, ಮುಚ್ಚಿದ ಮಣ್ಣೂ ಕುಸಿಯುತ್ತದೆ.

ಗುಂಡಿಯೊಳಗೆ ನೋಡಬೇಕಾದ್ದು

ಮುಖ್ಯ ಲೈನಿಗೆ ರಂಧ್ರ ಕೊರೆಯುವುದು ಕಚೇರಿಯ ಸಿಬ್ಬಂದಿಯ ಅಥವಾ ಅವರ ಪರವಾನಿಗೆ ಪಡೆದ ಪ್ಲಂಬರನ ಕೆಲಸ. ಬೇರೆ ಯಾರೇ ಕೊರೆದರೂ ಅದು ಅನಧಿಕೃತ ಜೋಡಣೆ, ದಂಡಕ್ಕೂ ಕಡಿತಕ್ಕೂ ಕಾರಣ.

ಲೈನಿನ ಸುತ್ತ ಮೊದಲು ಸ್ಯಾಡಲ್ ಕೂರುತ್ತದೆ, ಅಂದರೆ ಪೈಪನ್ನು ಎರಡು ಕಡೆಯಿಂದ ಅಪ್ಪುವ ಪಟ್ಟಿ, ನಡುವೆ ರಬ್ಬರ್ ಸೀಲು. ಅದರ ಮೇಲೆ ಫೆರುಲ್, ಅಂದರೆ ಲೈನಿನಿಂದ ನಿಮ್ಮ ಪೈಪಿಗೆ ನೀರು ತೆಗೆಯುವ ಚಿಕ್ಕ ಮೂತಿ. ಹಿತ್ತಾಳೆಯ, ಮೇಲಿನಿಂದ ಸ್ಕ್ರೂ ತಿರುಗಿಸಿ ನೀರು ನಿಲ್ಲಿಸಬಹುದಾದ ಫೆರುಲ್ ಇರಲಿ. ಮುಂದೆ ನಿಮ್ಮ ಪೈಪು ಒಡೆದರೆ ಇಡೀ ಗಲ್ಲಿಯ ನೀರು ನಿಲ್ಲಿಸದೆ ನಿಮ್ಮದೊಂದನ್ನೇ ಬಂದ್ ಮಾಡಲು ಅದೊಂದೇ ಉಪಾಯ. ಫೆರುಲಿನಿಂದ ಹೊರಡುವ ನೀಲಿ ಎಂ.ಡಿ.ಪಿ.ಇ. (ಬಾಗುವ ಪ್ಲಾಸ್ಟಿಕ್) ಪೈಪು ಬಿಗಿಯಾಗಿ ಎಳೆದಂತಿರಬಾರದು; ಹಂಸದ ಕೊರಳಿನಂತೆ ಒಂದು ಬಾಗು ಬಿಡಬೇಕು. ನೆಲ ಕುಸಿದಾಗ ಆ ಬಾಗು ಎಳೆತವನ್ನು ತಡೆದುಕೊಳ್ಳುತ್ತದೆ. ಎರೆ ಮಣ್ಣಿನ ಭಾಗಗಳಲ್ಲಿ ಇದಕ್ಕೆ ಇನ್ನೂ ಮಹತ್ವ. ಎರೆ ನೆಲ ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಬಿರಿಯುತ್ತದೆ, ನೇರ ಎಳೆದ ಪೈಪಿನ ಜಾಯಿಂಟು ಮೂರ್ನಾಲ್ಕು ಬೇಸಿಗೆಯಲ್ಲಿ ಸಡಿಲಾಗುತ್ತದೆ. ಅಂಥಲ್ಲಿ ಪೈಪಿನ ಕೆಳಗೂ ಮೇಲೂ 10 ಸೆಂ.ಮೀ. ಮರಳು ಹಾಸಿ, ಆಮೇಲೆ ಮಣ್ಣು.

ಆಳ ಕನಿಷ್ಠ 60 ಸೆಂ.ಮೀ. ಇರಲಿ, ಭಾರದ ವಾಹನ ಓಡುವ ರಸ್ತೆಯಲ್ಲಿ ಇನ್ನೂ ಹೆಚ್ಚು. ಗುಂಡಿಯೊಳಗೆ ಟೇಪು ನಿಲ್ಲಿಸಿ ಫೋಟೊ ತೆಗೆಯಿರಿ. ಮನೆಯ ಗೋಡೆಯ ಮೂಲೆಯಿಂದ ಫೆರುಲಿಗೆ ಎಷ್ಟು ದೂರ ಎಂದೂ ಬರೆದಿಡಿ.

ಇನ್ನು ಎಲ್ಲಕ್ಕಿಂತ ಗಂಭೀರ ವಿಷಯ, ಗಟಾರ. ಹಳೆ ಗಲ್ಲಿಗಳಲ್ಲಿ ನಳದ ಪೈಪು ತೆರೆದ ಗಟಾರದೊಳಗೇ ಹಾಯ್ದುಹೋಗುವುದು ಕಣ್ಣಿಗೆ ಕಾಣುವ ಸಂಗತಿ. ಅಗೆಯುವ ಶ್ರಮ ಉಳಿಸಲು ಮಾಡುವ ಕೆಲಸ ಅದು. ನೀರು ಬಿಟ್ಟಿರುವಾಗ ಪೈಪಿನೊಳಗೆ ಒತ್ತಡ ಇರುತ್ತದೆ, ಸೋರಿದರೂ ಶುದ್ಧ ನೀರು ಹೊರಗೆ ಹೋಗುತ್ತದೆ. ನೀರು ನಿಂತ ಕೂಡಲೇ ಲೈನು ಖಾಲಿಯಾಗುತ್ತ ಒಳಗೆ ಎಳೆತ ಹುಟ್ಟುತ್ತದೆ. ಆಗ ಅದೇ ತೂತಿನಿಂದ ಗಟಾರದ ನೀರು ಒಳಗೆ ಬರುತ್ತದೆ. ಮರುಸರದಿಯ ಮೊದಲ ಕೊಡದಲ್ಲಿ ಕಪ್ಪು ನೀರು ಬರುವುದು, ಕಾಮಾಲೆ, ವಾಂತಿಭೇದಿ ಹರಡುವುದು ಹೀಗೆಯೇ. ಗಟಾರ ದಾಟಲೇಬೇಕಾದರೆ ಅದರ ತಳದ ಕೆಳಗಿನಿಂದ, ಎರಡು ಇಂಚಿನ ಹೊರಕೊಳವೆಯೊಳಗೆ, ಜಾಯಿಂಟ್ ಇಲ್ಲದ ಒಂದೇ ತುಂಡು ಪೈಪಿನಲ್ಲಿ ದಾಟಿಸಿ. ಹೊರಕೊಳವೆ ಗಟಾರದ ಎರಡೂ ಬದಿಗೆ ಒಂದೊಂದು ಮೀಟರ್ ಚಾಚಿರಲಿ. ಈ ಒಂದು ಮಾತಿನಲ್ಲಿ ಪ್ಲಂಬರನ ಜೊತೆ ರಾಜಿ ಬೇಡ.

ಮೀಟರ್ ಕೂರಿಸುವುದು, ಓದುವುದು, ಪರೀಕ್ಷಿಸುವುದು

ಮೀಟರ್ ಅಡ್ಡಲಾಗಿ, ಮುಖ ಮೇಲಕ್ಕೆ, ಮೈಮೇಲಿನ ಬಾಣ ನೀರು ಹರಿಯುವ ದಿಕ್ಕಿಗೆ. ಮೀಟರಿಗೆ ಮೊದಲು ಒಂದು ಕಾಕ್, ನಂತರ ನೀರು ಹಿಂದಕ್ಕೆ ಹೋಗದಂತೆ ತಡೆಯುವ ವಾಲ್ವ್. ಹಿಂದೆ ಮುಂದೆ ಒಂದಿಷ್ಟು ನೇರ ಪೈಪು ಬೇಕು. ಬೆಂಡಿಗೆ ತಾಗಿಸಿ ಕೂರಿಸಿದರೆ ಓದು ತಪ್ಪುತ್ತದೆ. ನೆಲದೊಳಗಿನ ಗುಂಡಿಗಿಂತ ಗೋಡೆಗೆ ಹೊಂದಿ, ನೆಲದಿಂದ ಒಂದಡಿ ಮೇಲೆ ಪೆಟ್ಟಿಗೆಯಲ್ಲಿಡುವುದು ಮೇಲು. ಗುಂಡಿಯಲ್ಲಿ ಮಳೆನೀರು ನಿಂತು ಗಾಜು ಮಸುಕಾದರೆ ಓದುವವರು ಸರಾಸರಿ ಬರೆದು ಹೋಗುತ್ತಾರೆ.

ಕಪ್ಪು ಅಂಕಿಗಳು ಕಿಲೋಲೀಟರ್, ಅಂದರೆ 1,000 ಲೀಟರ್. ಕೆಂಪು ಅಂಕಿಗಳು ಅದರ ಕೆಳಗಿನ ಭಾಗ. ಬಿಲ್ಲು ಕಪ್ಪು ಅಂಕಿಗೆ ಮಾತ್ರ. ಮೀಟರ್ ಕೂರಿಸಿದ ದಿನದ ಅಂಕಿ ಮತ್ತು ಮೀಟರಿನ ಕ್ರಮಸಂಖ್ಯೆಯ ಫೋಟೊ ಇಟ್ಟುಕೊಳ್ಳಿ.

ಸೋರಿಕೆ ಇದೆಯೇ ಎಂದು ತಿಳಿಯಲು ರಾತ್ರಿ 10ಕ್ಕೆ ಎಲ್ಲ ನಳ ಮುಚ್ಚಿ ಅಂಕಿ ಬರೆಯಿರಿ, ಬೆಳಿಗ್ಗೆ 5ಕ್ಕೆ ಮತ್ತೆ ನೋಡಿ. ಇದು 24 ಗಂಟೆ ನೀರು ಇರುವ ಕಡೆ ಚೆನ್ನಾಗಿ ನಡೆಯುತ್ತದೆ; ಸಂಪಿನ ತೇಲುಚೆಂಡು ಪೂರ್ತಿ ಮುಚ್ಚಿದೆಯೇ ಎಂದು ಮೊದಲು ನೋಡಿಕೊಳ್ಳಿ. ಏಳು ಗಂಟೆಯಲ್ಲಿ 40 ಲೀಟರ್ ಓಡಿದ್ದರೆ ತಿಂಗಳಿಗೆ 4,000 ಲೀಟರಿಗೂ ಹೆಚ್ಚು ವ್ಯರ್ಥ. ಹೆಚ್ಚಿನ ಸಲ ಕಳ್ಳ ಸಂಡಾಸಿನ ಫ್ಲಶ್ ಟ್ಯಾಂಕು. ಟ್ಯಾಂಕಿನೊಳಗೆ ಒಂದು ಚಿಟಿಕೆ ಅರಿಸಿಣ ಕದಡಿ ಹತ್ತು ನಿಮಿಷ ಬಿಟ್ಟು ಕಮೋಡಿನಲ್ಲಿ ಹಳದಿ ಕಂಡರೆ ವಾಷರ್ ಹೋಗಿದೆ.

ಮೀಟರೇ ಹೆಚ್ಚು ಓಡುತ್ತಿದೆ ಎಂಬ ಅನುಮಾನಕ್ಕೆ ಬಕೀಟಿನ ಪರೀಕ್ಷೆ. ಒಂದು ಲೀಟರಿನ ಬಾಟಲಿಯಿಂದ 20 ಸಲ ಸುರಿದು ಬಕೀಟಿನ ಒಳಗೆ ಗೆರೆ ಹಾಕಿ. ಮೀಟರಿನ ನಂತರದ ಮೊದಲ ನಳದಿಂದ ಗೆರೆಯವರೆಗೆ ಹತ್ತು ಬಕೀಟು ತುಂಬಿ. 200 ಲೀಟರಿಗೆ ಮೀಟರ್ 190ರಿಂದ 210ರ ಒಳಗೆ ತೋರಿಸಿದರೆ ಅನುಮಾನ ಬಿಡಿ. ಮೀಟರಿಗೆ ಸಾಮಾನ್ಯ ಹರಿವಿನಲ್ಲಿ ಶೇ. 2ರ ವ್ಯತ್ಯಾಸಕ್ಕೆ ಅವಕಾಶವಿದೆ, ಉಳಿದದ್ದು ಬಕೀಟಿನ ಲೆಕ್ಕ. ಅದಕ್ಕಿಂತ ಆಚೆ ಹೋದರೆ ಮೀಟರ್ ಪರೀಕ್ಷೆಗೆ ಲಿಖಿತ ಅರ್ಜಿ ಕೊಡಿ. ಸರದಿಯ ಮೇಲೆ ನೀರು ಬರುವ ಕಡೆ ಮೊದಲ ಕೆಲವು ನಿಮಿಷ ಬರೀ ಗಾಳಿ ಬಂದು ಮೀಟರ್ ಗಿರಗಿರ ತಿರುಗುತ್ತದೆ. ಇದನ್ನು ವಿಡಿಯೊ ಮಾಡಿ ದೂರಿಗೆ ಸೇರಿಸಿ. ಲೈನಿಗೆ ಏರ್ ವಾಲ್ವ್ ಹಾಕಿಸುವುದು ಕಚೇರಿಯ ಹೊಣೆ.

ಲೈನಿಗೆ ನೇರವಾಗಿ ಮೋಟರ್ ಹಚ್ಚುವುದು ನಿಷಿದ್ಧ. ಸಿಕ್ಕರೆ ಮೋಟರ್ ಜಪ್ತಿ, ದಂಡ. ನಿಮ್ಮ ಮೋಟರ್ ಎಳೆಯುವುದು ಪಕ್ಕದವರ ಪಾಲನ್ನು, ಜೊತೆಗೆ ಸೋರುವ ಜಾಯಿಂಟುಗಳಿಂದ ಗಟಾರದ ನೀರನ್ನೂ. ನೀರು ಮೊದಲು ಸಂಪಿಗೆ ತಾನಾಗಿ ಬೀಳಲಿ, ಅಲ್ಲಿಂದ ಮೇಲಿನ ಟಾಕಿಗೆ ಮೋಟರ್.

ಬಿಲ್ಲು ಹೇಗೆ ಕೂಡುತ್ತದೆ

ಗೃಹಬಳಕೆ, ಗೃಹೇತರ, ವಾಣಿಜ್ಯ ಎಂದು ದರ ಬೇರೆ. ಮನೆಯ ಮುಂದೆ ಒಂದು ಅಂಗಡಿ ತೆರೆದು ಅದೇ ನಳ ಬಳಸಿದರೆ ವರ್ಗ ಬದಲಾಗಬಹುದು, ಹಾಗಾಗಿ ಅಂಗಡಿಗೆ ಬೇರೆ ಜೋಡಣೆ ಪಡೆಯುವುದು ಲೇಸು. ದರ ಮೆಟ್ಟಿಲಿನಂತೆ ಏರುತ್ತದೆ. ಲೆಕ್ಕ ತಿಳಿಯಲಿಕ್ಕೆಂದು ಒಂದು ಕಲ್ಪಿತ ದರ ಹಿಡಿಯೋಣ: ಮೊದಲ 8 ಕಿಲೋಲೀಟರಿಗೆ 10 ರೂ., ಮುಂದಿನ 7ಕ್ಕೆ 12 ರೂ., ಮುಂದಿನ 10ಕ್ಕೆ 15 ರೂ. ನೀವು 20 ಬಳಸಿದರೆ 80, 84, 75 ಸೇರಿ 239 ರೂ. ಇಪ್ಪತ್ತಕ್ಕೂ 15ರ ದರ ಹಾಕಿ 300 ಎಂದು ಬಂದಿದ್ದರೆ ತಕರಾರು ಮಾಡಿ. ಎರಡು ತಿಂಗಳ ಬಿಲ್ಲು ಒಟ್ಟಿಗೆ ಬಂದಾಗ ಮೆಟ್ಟಿಲುಗಳೂ ಇಮ್ಮಡಿಯಾಗಬೇಕು. ಇದು ತಪ್ಪುವುದು ಉಂಟು, ನೋಡಿಕೊಳ್ಳಿ. ಮೀಟರ್ ಕೆಟ್ಟು ಸರಾಸರಿ ಬಿಲ್ಲು ಬರುತ್ತಿದ್ದರೆ ಸುಮ್ಮನಿರಬೇಡಿ, ಮೀಟರ್ ಬದಲಿಸಲು ಅದೇ ತಿಂಗಳು ಬರೆದುಕೊಡಿ.

ಒಳಚರಂಡಿ ಜೋಡಣೆ

ಇಲ್ಲಿ ಮೊದಲ ಅಳತೆ ಮ್ಯಾನ್‌ಹೋಲಿನ ಆಳ. ಮನೆಯ ಪಾಯ ಹಾಕುವ ಮುನ್ನವೇ ಇದನ್ನು ತಿಳಿಯಬೇಕು. ಮನೆಯ ಪೈಪು 110 ಮಿ.ಮೀ. ಪಿ.ವಿ.ಸಿ., ಇಳಿಜಾರು 40ಕ್ಕೆ 1ರಿಂದ 60ಕ್ಕೆ 1. ಕೊನೆಯ ಚೇಂಬರಿನಿಂದ ಮ್ಯಾನ್‌ಹೋಲಿಗೆ 12 ಮೀಟರ್ ದೂರವಿದ್ದರೆ 40ಕ್ಕೆ 1ರಂತೆ 30 ಸೆಂ.ಮೀ. ಇಳಿಯಬೇಕು. ನಿಮ್ಮ ಚೇಂಬರಿನ ತಳ ಅಂಗಳದಿಂದ 45 ಸೆಂ.ಮೀ. ಕೆಳಗಿದ್ದರೆ, ಪೈಪು ಮ್ಯಾನ್‌ಹೋಲಿಗೆ ಸೇರುವುದು 75 ಸೆಂ.ಮೀ.ನಲ್ಲಿ. ಮ್ಯಾನ್‌ಹೋಲಿನ ತಳ ಅದಕ್ಕಿಂತ ಕೆಳಗಿರಬೇಕು. ಎರಡೂ ಕಡೆಯ ಮಟ್ಟ ಹೋಲಿಸಲು ಗೌಂಡಿಯ ಬಳಿ ಇರುವ ನೀರು ತುಂಬಿದ ಲೆವೆಲ್ ಪೈಪು ಸಾಕು. ಇಳಿಜಾರು ಕಡಿಮೆಯಾದರೆ ಮಲ ನಿಲ್ಲುತ್ತದೆ. ತೀರ ಕಡಿದಾದರೆ ನೀರು ಮುಂದೆ ಓಡಿ ಗಟ್ಟಿಯಾದದ್ದು ಹಿಂದೆ ಉಳಿಯುತ್ತದೆ.

ತಿರುವಿನಲ್ಲಿ 90 ಡಿಗ್ರಿಯ ಒಂದು ಬೆಂಡು ಬೇಡ, 45ರ ಎರಡು ಹಾಕಿ, ಪ್ರತಿ ತಿರುವಿಗೂ ಒಂದು ಚೇಂಬರ್ ಕಟ್ಟಿ. ಚೇಂಬರಿನ ತಳ ಸಪಾಟಾಗಿದ್ದರೆ ಮಲ ಅಲ್ಲೇ ಕೂರುತ್ತದೆ. ಅರ್ಧಚಂದ್ರದ ಕಾಲುವೆ ತೆಗೆದು ಎರಡೂ ಬದಿ ಸಿಮೆಂಟಿನಿಂದ ಒಳಮುಖವಾಗಿ ಇಳಿಜಾರು ಕೊಡಿಸಿ. ಬಚ್ಚಲು ಮತ್ತು ಅಡುಗೆಮನೆಯ ನೀರು ಗಲ್ಲಿ ಟ್ರ್ಯಾಪ್ (ಒಳಗೆ ನೀರು ನಿಲ್ಲುವ ಬಾಗಿದ ಕೊಳವೆ) ಮೂಲಕವೇ ಸೇರಲಿ. ಅದರೊಳಗೆ ನಿಲ್ಲುವ ಎರಡು ಇಂಚು ನೀರೇ ದುರ್ನಾತ, ಜಿರಲೆ ಮನೆಯೊಳಗೆ ಬರದಂತೆ ತಡೆಯುವ ಬಾಗಿಲು. ತಿಂಗಳುಗಟ್ಟಲೆ ಬೀಗ ಹಾಕಿದ ಮನೆಯಲ್ಲಿ ವಾಸನೆ ಬರುವುದು ಆ ನೀರು ಆರಿದ್ದರಿಂದ. ಗಾಳಿಕೊಳವೆ ತಾರಸಿಯ ಮೇಲಿನವರೆಗೆ ಹೋಗಲಿ. ಮನೆ ರಸ್ತೆಗಿಂತ ತಗ್ಗಿನಲ್ಲಿದ್ದರೆ ಹಿಂದೊತ್ತು ತಡೆಯುವ ವಾಲ್ವನ್ನು ಕೊನೆಯ ಚೇಂಬರಿನಲ್ಲಿ ಹಾಕಿಸಿ, ಮಳೆಗಾಲಕ್ಕೆ ಮುಂಚೆ ತೊಳೆಸಿ.

ತಾರಸಿಯ ಮಳೆನೀರನ್ನು ಒಳಚರಂಡಿಗೆ ಬಿಡುವುದು ಈ ಊರಿನಲ್ಲಿ ಎಲ್ಲ ಕಡೆ ಕಾಣುವ, ದೊಡ್ಡ ಹಾನಿ ಮಾಡುವ ತಪ್ಪು. ಲೆಕ್ಕ ನೋಡಿ. ಐದು ಜನರ ಮನೆಯಿಂದ ದಿನಕ್ಕೆ ಹೊರಬೀಳುವ ಕೊಳಚೆ, ಬಳಸಿದ 675 ಲೀಟರಿನ ಶೇ. 80, ಅಂದರೆ 540 ಲೀಟರ್. 100 ಚದರ ಮೀಟರ್ ತಾರಸಿಯ ಮೇಲೆ ಒಂದು ಗಂಟೆಯಲ್ಲಿ 50 ಮಿ.ಮೀ. ಮಳೆ ಬಿದ್ದರೆ 5,000 ಲೀಟರ್. ಒಂಬತ್ತು ದಿನದ ಕೊಳಚೆಯಷ್ಟು ನೀರನ್ನು ಒಂದೇ ಗಂಟೆಯಲ್ಲಿ ಅದೇ ಪೈಪಿಗೆ ಸುರಿದಂತೆ. ಗಲ್ಲಿಯ ಇಪ್ಪತ್ತು ಮನೆ ಹೀಗೆ ಮಾಡಿದರೆ ತಗ್ಗಿನ ಮನೆಯವರ ಬಚ್ಚಲಿನಿಂದ ಕೊಳಚೆ ಮೇಲೆ ಬರುತ್ತದೆ, ಮ್ಯಾನ್‌ಹೋಲಿನ ಮುಚ್ಚಳ ಹಾರುತ್ತದೆ, ಉಕ್ಕಿದ್ದು ಗಟಾರ ಹಿಡಿದು ಬಳ್ಳಾರಿ ನಾಲೆಗೆ, ಅಲ್ಲಿಂದ ವಡಗಾವಿ ಕಡೆಯ ರೈತರ ಹೊಲಗಳಿಗೆ. ಮಳೆನೀರು ಇಂಗುಗುಂಡಿಗೆ, ಬಾವಿಗೆ ಅಥವಾ ಮಳೆಚರಂಡಿಗೆ ಹೋಗಲಿ. ಬೆಳಗಾವಿ ಬಾವಿಗಳ ಊರು. 1924ರ ಕಾಂಗ್ರೆಸ್ ಅಧಿವೇಶನಕ್ಕೆಂದು ತಿಲಕವಾಡಿಯಲ್ಲಿ ತೋಡಿದ ಬಾವಿ ಇಂದಿಗೂ ಇದೆ. ಹಿತ್ತಲಿನಲ್ಲಿ ಹಳೆ ಬಾವಿ ಇದ್ದವರು, ಮರಳು ಮತ್ತು ಜಲ್ಲಿಯ ಸೋಸುಗುಂಡಿ ಕಟ್ಟಿ ಮೊದಲ ಮಳೆಯ ನೀರನ್ನು ಹೊರಬಿಟ್ಟು ಉಳಿದದ್ದನ್ನು ಅದಕ್ಕೇ ಇಳಿಸಬಹುದು.

ಹೋಟೆಲು, ಖಾನಾವಳಿಯವರಿಗೆ ಜಿಡ್ಡು ತಡೆಯುವ ಚೇಂಬರ್ ಬೇಕೇ ಬೇಕು. ಎಣ್ಣೆ ತಣ್ಣಗಾದ ಮೇಲೆ ಪೈಪಿನೊಳಗೆ ಸಾಬೂನಿನ ಗಟ್ಟಿಯಂತೆ ಅಂಟುತ್ತದೆ. ಬಣ್ಣ ಹಾಕುವ ಘಟಕಗಳು, ವಾಹನ ತೊಳೆಯುವ ಗ್ಯಾರೇಜುಗಳು ಮಾಲಿನ್ಯ ನಿಯಂತ್ರಣ ಮಂಡಳಿಯ ಒಪ್ಪಿಗೆ ಇಲ್ಲದೆ ಒಳಚರಂಡಿಗೆ ನೀರು ಬಿಡುವಂತಿಲ್ಲ.

ಹಳೆಯ ಸೆಪ್ಟಿಕ್ ಟ್ಯಾಂಕು

ಒಳಚರಂಡಿಗೆ ಸೇರಿದ ಮೇಲೆ ಸೆಪ್ಟಿಕ್ ಟ್ಯಾಂಕನ್ನು ನಡುವೆ ಉಳಿಸಿಕೊಳ್ಳಬೇಡಿ. ಪೈಪನ್ನು ನೇರ ಜೋಡಿಸಿ, ಟ್ಯಾಂಕನ್ನು ಹೀರುವ ಯಂತ್ರದಿಂದ ಖಾಲಿ ಮಾಡಿಸಿ, ಸುಣ್ಣ ಉದುರಿಸಿ, ಮುರುಮಿನಿಂದ ತುಂಬಿ ದಮ್ಮಸ್ಸು ಮಾಡಿಸಿ.

ಮನುಷ್ಯನನ್ನು ಇಳಿಸಬೇಡಿ. ಕಾಲು ಗಂಟೆಯ ಕೆಲಸವಾದರೂ ಬೇಡ, ಅವನೇ ಒಪ್ಪಿದರೂ ಬೇಡ. ಮುಚ್ಚಿದ ಟ್ಯಾಂಕಿನಲ್ಲಿ ಹೈಡ್ರೋಜನ್ ಸಲ್ಫೈಡ್ ಇರುತ್ತದೆ. ಹೆಚ್ಚಿದಾಗ ಅದು ಮೂಗಿನ ವಾಸನೆಯ ಶಕ್ತಿಯನ್ನೇ ಮೊದಲು ಕಸಿಯುತ್ತದೆ, ಎರಡು ಉಸಿರಿಗೆ ಆಳು ಬೀಳುತ್ತಾನೆ. ಎತ್ತಲು ಇಳಿದವನೂ ಬೀಳುತ್ತಾನೆ. ಕೈಯಿಂದ ಮಲ ಬಾಚಿಸುವುದನ್ನು ನಿಷೇಧಿಸಿದ 2013ರ ಕಾಯ್ದೆಯ ಪ್ರಕಾರ ಹೀಗೆ ಕೆಲಸಕ್ಕೆ ಹಚ್ಚಿದವರಿಗೆ ಮೊದಲ ಸಲಕ್ಕೇ ಎರಡು ವರ್ಷದವರೆಗೆ ಜೈಲು ಅಥವಾ ಎರಡು ಲಕ್ಷದವರೆಗೆ ದಂಡ, ಇಲ್ಲವೇ ಎರಡೂ. ಮನೆ ಮಾಲೀಕರಿಗೂ ಇದು ಅನ್ವಯ. ಯಂತ್ರಕ್ಕಾಗಿ 14420ಕ್ಕೆ ಕರೆ ಮಾಡಿ, ಅಥವಾ ಪಾಲಿಕೆಯ ಆರೋಗ್ಯ ವಿಭಾಗಕ್ಕೆ ಹೇಳಿ.

ನೀರು ಕೆಟ್ಟು ಬಂದರೆ, ದೂರು ಕೊಡುವ ಕ್ರಮ

ನಳದ ನೀರಿನಲ್ಲಿ ಉಳಿಕೆ ಕ್ಲೋರಿನ್ ಲೀಟರಿಗೆ ಕನಿಷ್ಠ 0.2 ಮಿ.ಗ್ರಾಂ. ಇರಬೇಕು. ಬಣ್ಣ ನೋಡಿ ಹೇಳುವ ಚಿಕ್ಕ ಕಿಟ್ ಸಿಗುತ್ತದೆ. ಸಂಪಿನ ನೀರು ಬೇಡ, ರಸ್ತೆಯಿಂದ ನೇರ ಬರುವ ನಳದಲ್ಲಿ ಪರೀಕ್ಷಿಸಿ. ಸೊನ್ನೆ ತೋರಿಸಿದರೆ, ಕೊಳೆತ ವಾಸನೆ ಬಂದರೆ, ಕುಡಿಯುವುದು ನಿಲ್ಲಿಸಿ ವಾಲ್‌ಮನ್‌ಗೆ ತಕ್ಷಣ ತಿಳಿಸಿ. ಕುದಿಸಿ ತೊಳೆದ ಬಾಟಲಿಯಲ್ಲಿ ನೀರು ಹಿಡಿದು, ಮಂಜುಗಡ್ಡೆಯಲ್ಲಿಟ್ಟು ಅದೇ ದಿನ ಸರ್ಕಾರಿ ಪ್ರಯೋಗಾಲಯಕ್ಕೆ ಮುಟ್ಟಿಸಿ. 100 ಮಿ.ಲೀ. ನೀರಿನಲ್ಲಿ ಇ-ಕೋಲೈ ಒಂದೂ ಇರಬಾರದು.

ದೂರು ಬಾಯಿಮಾತಿನಲ್ಲಿ ನಿಲ್ಲಬಾರದು. ದಿನಾಂಕ, ಹೊತ್ತು, ಗಲ್ಲಿ, ಗ್ರಾಹಕ ಸಂಖ್ಯೆ, ಎಷ್ಟು ಮನೆಗೆ ತೊಂದರೆ, ಇಷ್ಟನ್ನು ಬರೆದು ಜೂನಿಯರ್ ಇಂಜಿನಿಯರರಿಗೆ ಕೊಟ್ಟು ಪ್ರತಿಯ ಮೇಲೆ ಸಹಿ ಪಡೆಯಿರಿ. ಕೆಲಸವಾಗದಿದ್ದರೆ ಅದೇ ಪ್ರತಿ ಲಗತ್ತಿಸಿ ಆಯುಕ್ತರಿಗೆ. ಅಲ್ಲಿಯೂ ಉತ್ತರ ಬರದಿದ್ದರೆ 10 ರೂಪಾಯಿಯ ಮಾಹಿತಿ ಹಕ್ಕು ಅರ್ಜಿಯಲ್ಲಿ ನಿಮ್ಮ ವಾರ್ಡಿನ ಆ ವಾರದ ಕ್ಲೋರಿನ್ ದಾಖಲೆ ಪುಸ್ತಕದ ಪ್ರತಿ ಕೇಳಿ; 30 ದಿನದೊಳಗೆ ಕೊಡಬೇಕು. ಗಲ್ಲಿಯ ಹತ್ತು ಮನೆಯವರು ಬೇರೆ ಬೇರೆ ಹತ್ತು ದೂರು ಕೊಡುವುದು, ಹತ್ತು ಸಹಿಯ ಒಂದು ದೂರಿಗಿಂತ ಹೆಚ್ಚು ಕೆಲಸ ಮಾಡುತ್ತದೆ, ಏಕೆಂದರೆ ಹತ್ತಕ್ಕೂ ಉತ್ತರ ಬರೆಯಬೇಕಾಗುತ್ತದೆ.

ಹಳೆ ನಳ ಬಿಡುವಾಗ

ಹೊಸ ಲೈನಿನಿಂದ ಜೋಡಣೆ ಪಡೆದ ಮೇಲೆ ಹಳೆಯ ಜಿ.ಐ. (ಸತು ಲೇಪಿಸಿದ ಕಬ್ಬಿಣದ) ಪೈಪನ್ನು ಮನೆಯ ಕಡೆ ಮಾತ್ರ ಕ್ಯಾಪ್ ಹಾಕಿ ಬಿಡುವುದು ರೂಢಿ. ಆ ಸತ್ತ ಪೈಪು ರಸ್ತೆಯಡಿಯಲ್ಲಿ ತುಕ್ಕು ಹಿಡಿಯುತ್ತ, ಸೋರುತ್ತ, ಗಟಾರದ ನೀರನ್ನು ಹಳೆ ಲೈನಿಗೆ ಬಿಡುತ್ತ ಇರುತ್ತದೆ. ಅದರ ಮೇಲೆ ಇನ್ನೂ ಅವಲಂಬಿಸಿದ ಮನೆಗಳು ಆ ನೀರನ್ನೇ ಕುಡಿಯುತ್ತವೆ. ಫೆರುಲಿನ ಬಳಿಯೇ ಅಗೆಸಿ, ಅಲ್ಲಿ ಬಂದ್ ಮಾಡಿಸಿ. ಹಳೆ ಗ್ರಾಹಕ ಸಂಖ್ಯೆಯನ್ನು ಬಾಕಿ ತೀರಿಸಿ ರದ್ದುಪಡಿಸಿದ ಪತ್ರ ಪಡೆಯಿರಿ, ಇಲ್ಲವಾದರೆ ಇಲ್ಲದ ನಳಕ್ಕೆ ಕನಿಷ್ಠ ಶುಲ್ಕ ಏರುತ್ತಲೇ ಇರುತ್ತದೆ. ಆ ಪತ್ರ, ಗುಂಡಿಯ ಫೋಟೊಗಳು, ಮೀಟರಿನ ಮೊದಲ ಅಂಕಿ, ಸಕಾಲದ ಸ್ವೀಕೃತಿ ಎಲ್ಲವನ್ನೂ ಮನೆಯ ಖರೀದಿಪತ್ರ ಇಟ್ಟ ಫೈಲಿನಲ್ಲೇ ಸೇರಿಸಿಡಿ.